ಅಣೆಕಟ್ಟು ಕಾಣದ ಅಘನಾಶಿನಿ

ಉತ್ತರ ಕನ್ನಡ ಜಿಲ್ಲೆಯನ್ನು ಹೊಳೆಗಳ ಸೀಮೆಯೆಂದು ಕರೆದರೆ ಅತಿಶಯೋಕ್ತಿಯಾಗಲಾರದು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಎಂಬ ನಾಲ್ಕು ದೊಡ್ಡ ಹೊಳೆಗಳು ಸಹ್ಯಾದ್ರಿಯನ್ನು ಇಳಿದು ಇದೇ ಜಿಲ್ಲೆಯ ಕರಾವಳಿಯಲ್ಲಿ ಅರಬ್ಬೀ ಸಮುದ್ರವನ್ನು ಸೇರುತ್ತವೆ. ಇವುಗಳಲ್ಲಿ ಗಂಗಾವಳಿ ಧಾರವಾಡದ ಕಡೆಯಿಂದ ಬರುವವಳು. ಶರಾವತಿ ತೀರ್ಥಹಳ್ಳಿಯ ಸೀಮೆಯ ಅಂಬುತೀರ್ಥದಲ್ಲಿ ಹುಟ್ಟಿ ಬರುವವಳು. ಅಘನಾಶಿನಿಯಾದರೋ ಹುಟ್ಟುವುದೂ ಈ ಜಿಲ್ಲೆಯಲ್ಲಿ, ಕಡಲು ಸೇರುವುದೂ ಈ ಜಿಲ್ಲೆಯಲ್ಲಿ. ತವರೂ ಗಂಡನ ಮನೆಯೂ ಒಂದೇ ಸೀಮೆಯಲ್ಲಿರುವ ಹೆಣ್ಣುಮಗಳಂತೆ ಇವಳು. ಇವಳಿಗೆ ಇನ್ನೂ ಒಂದು ವಿಶೇಷವುಂಟು. ಹುಟ್ಟಿದಲ್ಲಿಂದ ಕಡಲಿನವರೆಗೆ, ಸುಮಾರು ೧೨೦ ಕಿಲೋಮೀಟರ್ ದೂರದ ಹಾದಿಯಲ್ಲಿ, ಇವಳ ಹರಿವನ್ನು ತಡೆದು ನಿಲ್ಲಿಸುವ ಒಂದು ದೊಡ್ಡ ಅಣೆಕಟ್ಟೂ ಇಲ್ಲ. ಇಂಥ ಹೊಳೆಗಳು ಇಂದು ನಮ್ಮ ದೇಶದಲ್ಲಿ ಬೆರಳೆಣಿಕೆಯಷ್ಟು ಮಾತ್ರ ಉಳಿದಿವೆ.

ನಾನು ಕನ್ನಡ ಪಾಠ ಹೇಳುವವನೇ ಹೊರತು ಭೂಗೋಳದ ಪಂಡಿತನಲ್ಲ. ಹಾಗಿದ್ದೂ ಈ ಹೊಳೆಯ ವಿಷಯ ಮಾತನಾಡಲು ಒಂದು ಕಾರಣವಿದೆ. ಕೆಲವು ವರ್ಷಗಳ ಹಿಂದೆ, ನಾನು ಕರಾವಳಿಯ ಒಂದು ಪ್ರೌಢಶಾಲೆಯಲ್ಲಿದ್ದಾಗ, ಒಂಬತ್ತನೆಯ ತರಗತಿಯ ಮಕ್ಕಳಿಗೆ ‘ಅಣೆಕಟ್ಟುಗಳ ಉಪಯೋಗ’ ಎಂಬ ಪ್ರಬಂಧವನ್ನು ಬರೆಯಲು ಕೊಟ್ಟಿದ್ದೆ. ಕಪ್ಪುಹಲಗೆಯ ಮೇಲೆ ಅಂಶಗಳನ್ನು ಬರೆದುಕೊಟ್ಟವನೂ ನಾನೇ. ಅವುಗಳಲ್ಲಿ ಮೊದಲನೆಯದು ‘ಸಮುದ್ರಕ್ಕೆ ಹರಿದು ವ್ಯರ್ಥವಾಗುವ ನೀರಿನ ಸದುಪಯೋಗ’ ಎಂಬುದಾಗಿತ್ತು. ನನಗೆ ನನ್ನ ಮಾಸ್ತರರು ಹಾಗೆಯೇ ಬರೆಸಿದ್ದರು. ನಾನೂ ಇಪ್ಪತ್ತು ವರ್ಷ ಹಾಗೆಯೇ ಬರೆಸುತ್ತ ಬಂದಿದ್ದೆ. ಆ ಸಲ ಒಬ್ಬ ಹುಡುಗಿಯ ಪುಸ್ತಕದಲ್ಲಿ ಬೇರೊಂದು ವಾಕ್ಯ ಕಂಡಿತು: ‘ನಮ್ಮ ಹೊಳೆಯ ನೀರು ಸಮುದ್ರಕ್ಕೆ ಬಾರದೆ ಹೋದರೆ ನಮ್ಮ ಮನೆಯಲ್ಲಿ ಒಲೆ ಹೊತ್ತುವುದಿಲ್ಲ.’ ವಿಷಯಾಂತರವೆಂದು ಅದರ ಕೆಳಗೆ ಕೆಂಪು ಗೆರೆ ಎಳೆದು ಎರಡು ಅಂಕ ಕಳೆದೆ. ಆ ಎರಡು ಅಂಕಗಳ ಕಥೆಯನ್ನು ಆಮೇಲೆ ಹೇಳುತ್ತೇನೆ. ಮೊದಲು ಹೊಳೆಯ ಜೊತೆಗೆ ಸ್ವಲ್ಪ ದೂರ ನಡೆದು ಬರೋಣ.

‘ಅಘ’ ಎಂದರೆ ಪಾಪ; ಅದನ್ನು ನಾಶಮಾಡುವವಳು ಅಘನಾಶಿನಿ. ಸಂಸ್ಕೃತದ ಈ ಹೆಸರು ಕಡಲ ದಂಡೆಯ ಊರಿಗೂ ಇದೆ. ಎದುರು ದಡದ ಊರಿನ ಹೆಸರಿನಿಂದ ಇದನ್ನು ತದಡಿ ಹೊಳೆಯೆಂದು ಕರೆಯುವುದೂ ಉಂಟು. ಹೊಳೆಯ ಮೂಲ ಶಿರಸಿ ಪಟ್ಟಣದೊಳಗಿನ ಶಂಕರಹೊಂಡವೆಂದು ಹೇಳುತ್ತಾರೆ. ದೊಡ್ಡ ಹೊಳೆಯೊಂದು ಪೇಟೆಯ ನಡುವಿನ ಹೊಂಡದಲ್ಲಿ ಹುಟ್ಟುವುದು ಸೋಜಿಗವೇ ಸರಿ. ಇನ್ನೊಂದು ಕವಲು ವೆಂಕಟರಮಣನ ಕ್ಷೇತ್ರವಾದ ಮಂಜುಗುಣಿಯ ಕಡೆಯಿಂದ ಬಕುರಹೊಳೆಯೆಂಬ ಹೆಸರಿನಲ್ಲಿ ಬರುತ್ತದೆ. ಎರಡೂ ಕೂಡಿದ ಮೇಲೆ ಹೊಳೆ ದಕ್ಷಿಣಕ್ಕೆ ಮುಖ ಮಾಡಿ, ಅಡಿಕೆ ತೋಟ, ಗದ್ದೆ, ಸೊಪ್ಪಿನ ಬೆಟ್ಟಗಳ ನಡುವೆ ಸಿದ್ದಾಪುರ ತಾಲೂಕಿನತ್ತ ಸಾಗುತ್ತದೆ. ಆಮೇಲೆ ಪಶ್ಚಿಮಕ್ಕೆ ತಿರುಗಿ ಘಟ್ಟವನ್ನು ಇಳಿಯುತ್ತದೆ.

ಈ ಇಳಿತ ಮೆಲ್ಲಗಿನದಲ್ಲ. ಹೆಗ್ಗರಣೆಯ ಸಮೀಪದ ಉಂಚಳ್ಳಿಯಲ್ಲಿ ಹೊಳೆ ಒಮ್ಮೆಲೇ ೧೧೬ ಮೀಟರ್ ಆಳಕ್ಕೆ ಧುಮುಕುತ್ತದೆ. ೧೮೪೫ರಲ್ಲಿ ಜಿಲ್ಲೆಯ ಕಲೆಕ್ಟರನಾಗಿದ್ದ ಲಷಿಂಗ್ಟನ್ ಎಂಬ ಆಂಗ್ಲ ಅಧಿಕಾರಿ ಇದನ್ನು ಕಂಡನೆಂದು ಅವನ ಹೆಸರನ್ನೇ ಇದಕ್ಕೆ ಇಟ್ಟರು. ಆದರೆ ಊರವರು ಅವನಿಗಿಂತ ಮೊದಲೇ ಇದಕ್ಕೆ ಕೆಪ್ಪಜೋಗವೆಂಬ ಹೆಸರಿಟ್ಟಿದ್ದರು. ಮಳೆಗಾಲದಲ್ಲಿ ಅದರ ಎದುರು ನಿಂತವರಿಗೆ ಪಕ್ಕದವರ ಮಾತು ಕೇಳಿಸುವುದಿಲ್ಲ. ಹೆಸರು ಎಷ್ಟು ಒಪ್ಪುತ್ತದೆಯೆಂಬುದು ಆಗ ತಿಳಿಯುತ್ತದೆ.

ಉಂಚಳ್ಳಿಯ ಸುತ್ತಿನ ಕಣಿವೆ ಸಹ್ಯಾದ್ರಿಯ ಅತ್ಯಂತ ದಟ್ಟವಾದ ಕಾಡುಗಳಲ್ಲೊಂದು. ಇಲ್ಲಿ ಸಿಂಗಳೀಕವೆಂಬ ಕರಿಯ ಕೋತಿ ಇದೆ. ಮುಖದ ಸುತ್ತ ಬಿಳಿಯ ಕೇಸರ, ಬಾಲದ ತುದಿಗೆ ಸಿಂಹದ ಬಾಲದಂತೆ ಕುಚ್ಚು. ಮರದಿಂದ ನೆಲಕ್ಕೆ ಇಳಿಯುವುದು ಅಪರೂಪವಾದ್ದರಿಂದ ಕೊಂಬೆಗೆ ಕೊಂಬೆ ತಾಗಿಕೊಂಡಿರುವ ಕಾಡಿಲ್ಲದೆ ಅದು ಬದುಕಲಾರದು. ಪ್ರಪಂಚದಲ್ಲಿ ಪಶ್ಚಿಮಘಟ್ಟದ ಹೊರಗೆ ಎಲ್ಲಿಯೂ ಇಲ್ಲದ ಈ ಪ್ರಾಣಿಗಾಗಿ ೨೦೧೧ರಲ್ಲಿ ಅಘನಾಶಿನಿಯ ಕಣಿವೆಯಲ್ಲಿ ಒಂದು ಸಂರಕ್ಷಿತ ಪ್ರದೇಶವನ್ನು ಘೋಷಿಸಿದರು. ಇದೇ ಸೀಮೆಯ ತಗ್ಗುಗಳಲ್ಲಿ ವರ್ಷವಿಡೀ ನೀರು ಒಸರುವ ಜೌಗು ನೆಲಗಳುಂಟು. ಇವನ್ನು ರಾಮಪತ್ರೆ ಜಡ್ಡಿಗಳೆನ್ನುತ್ತಾರೆ. ಅಲ್ಲಿನ ಮರಗಳ ಬೇರುಗಳು ಕೆಸರಿನಿಂದ ಮೇಲೆದ್ದು, ಮೊಣಕಾಲನ್ನು ಮಡಚಿದಂತೆ ಬಾಗಿ, ಮತ್ತೆ ಕೆಸರಿಗೆ ಇಳಿದಿರುತ್ತವೆ; ಉಸಿರಾಟಕ್ಕಾಗಿ ಬೇರು ಮಾಡಿಕೊಂಡ ಉಪಾಯವಿದು.

ಕಾಡಿನ ಈ ವರ್ಣನೆ ಹೊಳೆಯ ಮಾತಿಗೆ ಹೊರತಾದುದಲ್ಲ. ನಮ್ಮ ಘಟ್ಟದಲ್ಲಿ ಮಳೆಯೇನೋ ಧಾರಾಳ; ಆದರೆ ಅದು ಬಹುಮಟ್ಟಿಗೆ ನಾಲ್ಕೇ ತಿಂಗಳಲ್ಲಿ ಸುರಿದು ಮುಗಿಯುತ್ತದೆ. ಉಳಿದ ಎಂಟು ತಿಂಗಳು ಹೊಳೆ ಹರಿಯುವುದು ಹೇಗೆ? ಮರದ ಎಲೆಗಳು ಮಳೆಯ ಹೊಡೆತವನ್ನು ತಡೆಯುತ್ತವೆ. ತರಗೆಲೆಯ ಹಾಸು ನೀರನ್ನು ಓಡಗೊಡದೆ ನೆಲಕ್ಕೆ ಇಂಗಿಸುತ್ತದೆ. ಇಂಗಿದ ನೀರು ಮಣ್ಣಿನೊಳಗೆ ನಿಧಾನವಾಗಿ ಸರಿದು ಚೈತ್ರ ವೈಶಾಖದಲ್ಲಿ ಹಳ್ಳಗಳಲ್ಲಿ ಒರತೆಯಾಗಿ ಹೊರಡುತ್ತದೆ. ಹಳೆಯ ಕಾಡಿರುವ ಗುಡ್ಡದ ಹಳ್ಳ ಬೇಸಗೆಯಲ್ಲಿಯೂ ಹರಿಯುತ್ತದೆ. ಬೋಳು ಗುಡ್ಡದ ಹಳ್ಳವೂ ಬರೀ ಅಕೇಶಿಯಾ ನೆಟ್ಟ ಗುಡ್ಡದ ಹಳ್ಳವೂ ಬಹುಬೇಗ ಬತ್ತುತ್ತವೆ. ಘಟ್ಟದ ಮೇಲಿನ ರೈತರಿಗೆ ಇದು ಕಣ್ಣೆದುರಿನ ಸಂಗತಿ. ಅಘನಾಶಿನಿಗೆ ಜಲಾಶಯವಿಲ್ಲ ಎನ್ನುತ್ತೇವೆ. ನಿಜವಾಗಿ ನೋಡಿದರೆ ಈ ಕಾಡೇ ಅವಳ ಜಲಾಶಯ.

ಘಟ್ಟ ಇಳಿದ ಮೇಲೆ ಹೊಳೆ ಕುಮಟಾ ತಾಲೂಕಿನಲ್ಲಿ ಹರಿಯುತ್ತದೆ. ಯಾಣದ ಬಂಡೆಗಳ ಬುಡದಿಂದ ಬರುವ ಚಂಡಿಹೊಳೆ ಉಪ್ಪಿನಪಟ್ಟಣದ ಬಳಿ ಇದನ್ನು ಕೂಡುತ್ತದೆ. ಕಡಲಿನಿಂದ ಇಷ್ಟು ಒಳಗಿರುವ ಊರಿಗೆ ಉಪ್ಪಿನ ಹೆಸರು ಏತಕ್ಕೆ? ದೋಣಿಗಳ ಮೇಲೆ ಬಂದ ಉಪ್ಪು ಘಟ್ಟ ಹತ್ತಲು ಇಳಿಯುತ್ತಿದ್ದ ಸ್ಥಳವೆಂದು ಆ ಹೆಸರೇ ಸೂಚಿಸುವಂತಿದೆ. ಇನ್ನೂ ಕೆಳಗೆ ಮಿರ್ಜಾನ. ಕರಿಮೆಣಸಿನ ರಾಣಿಯೆಂದು ಪೋರ್ತುಗೀಸರು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರಿನೊಡನೆ ಹೆಣೆದುಕೊಂಡ ಕೋಟೆ ಅಲ್ಲಿದೆ. ಘಟ್ಟದ ಮೆಣಸು ಕೆಳಕ್ಕೆ, ಕಡಲ ಉಪ್ಪು ಮೇಲಕ್ಕೆ. ಹೀಗೆ ಹೊಳೆ ಆ ಕಾಲದ ಹೆದ್ದಾರಿಯಾಗಿತ್ತು.

ಇಲ್ಲಿಂದ ಮುಂದೆ ಹೊಳೆ ಹೊಳೆಯಾಗಿ ಉಳಿಯುವುದಿಲ್ಲ. ಅಗಲವಾಗಿ ಹರಡಿ, ಕುದ್ರುಗಳನ್ನು ಬಳಸಿ, ತದಡಿ ಮತ್ತು ಅಘನಾಶಿನಿ ಗ್ರಾಮಗಳ ನಡುವಿನ ಕಿರಿದಾದ ಬಾಯಿಯಲ್ಲಿ ಕಡಲನ್ನು ಸೇರುತ್ತದೆ. ಈ ಹಿನ್ನೀರಿನ ಪ್ರದೇಶವನ್ನು ಅಳಿವೆಯೆನ್ನುತ್ತಾರೆ. ದಿನಕ್ಕೆ ಎರಡು ಸಲ ಭರತದ ನೀರು ಕಡಲಿನಿಂದ ಒಳಕ್ಕೆ ಬರುತ್ತದೆ, ಎರಡು ಸಲ ಇಳಿತದಲ್ಲಿ ಹೊರಕ್ಕೆ ಹೋಗುತ್ತದೆ. ಹೊಳೆಯ ಸಿಹಿನೀರೂ ಕಡಲ ಉಪ್ಪುನೀರೂ ಬೆರೆತು ಸವಳು ನೀರಾಗುತ್ತದೆ. ಆಷಾಢದಲ್ಲಿ ಅಳಿವೆ ಬಹುತೇಕ ಸಿಹಿ. ಬೇಸಗೆಯಲ್ಲಿ ಬಹುತೇಕ ಉಪ್ಪು. ಈ ಏರಿಳಿತದ ಮೇಲೆ ಇಲ್ಲಿಯ ಜನಜೀವನವೆಲ್ಲ ನಿಂತಿದೆ.

ಗಜನಿ ಬೇಸಾಯವನ್ನೇ ನೋಡಿ. ಅಳಿವೆಯ ಅಂಚಿನ ತಗ್ಗು ಭೂಮಿಗೆ ಗಜನಿಯೆಂದು ಹೆಸರು. ಬೇಸಗೆಯಲ್ಲಿ ಆ ನೆಲವೆಲ್ಲ ಉಪ್ಪು. ಮಳೆ ಹಿಡಿದು ಹೊಳೆ ತುಂಬಿದಾಗ ಸಿಹಿನೀರು ಆ ಉಪ್ಪನ್ನು ತೊಳೆಯುತ್ತದೆ. ಆಗ ಮೊಳಕೆ ಬರಿಸಿದ ಕಗ್ಗವೆಂಬ ಭತ್ತವನ್ನು ಬಿತ್ತುತ್ತಾರೆ. ಕಗ್ಗ ಉಪ್ಪನ್ನು ಸಹಿಸುತ್ತದೆ, ನೆರೆಯನ್ನು ಸಹಿಸುತ್ತದೆ, ಗೊಬ್ಬರವನ್ನು ಕೇಳುವುದಿಲ್ಲ. ಹೊಳೆ ತಂದ ಮೆಕ್ಕಲು ಮಣ್ಣೇ ಅದಕ್ಕೆ ಗೊಬ್ಬರ. ಕೊಯ್ಲಿನಲ್ಲಿ ಜನ ನೀರಿನಲ್ಲಿ ನಿಂತು ತೆನೆಯನ್ನಷ್ಟೇ ಕೊಯ್ದುಕೊಳ್ಳುತ್ತಾರೆ. ಉಳಿದ ಹುಲ್ಲು ಕೊಳೆತು ಮೀನಿಗೆ ಆಹಾರವಾಗುತ್ತದೆ. ಆಮೇಲೆ ಕಟ್ಟೆಯ ಬಾಗಿಲನ್ನು ತೆರೆದರೆ ಭರತದ ಜೊತೆಗೆ ಸಿಗಡಿಯೂ ಮೀನಿನ ಮರಿಗಳೂ ಒಳಕ್ಕೆ ಬಂದು ಬೆಳೆಯುತ್ತವೆ. ಒಂದೇ ಗದ್ದೆಯಲ್ಲಿ ಅನ್ನವೂ ಮೀನೂ. ಅತ್ತ ಗೋಕರ್ಣದ ದಾರಿಯ ಸಾಣಿಕಟ್ಟೆಯಲ್ಲಿ ಬೇಸಗೆಯ ಉಪ್ಪುನೀರನ್ನು ಪಾತಿಗಳಿಗೆ ಬಿಟ್ಟು ಬಿಸಿಲಿಗೆ ಉಪ್ಪು ತೆಗೆಯುತ್ತಾರೆ. ದಂಡೆಯುದ್ದಕ್ಕೂ ಬೆಳೆದ ಕಾಂಡ್ಲಾ ಗಿಡಗಳ ಬೇರುಗಳ ನಡುವೆ ಮೀನು ಮರಿ ಮಾಡುತ್ತದೆ. ಅದೇ ಬೇರು ಗಜನಿಯ ಕಟ್ಟೆಗೂ ಕಾವಲು.

ಈಗ ಆ ಎರಡು ಅಂಕಗಳ ಕಥೆಗೆ ಬರುತ್ತೇನೆ. ಪುಸ್ತಕ ತಿರುಗಿ ಕೊಟ್ಟ ದಿನ ಆ ಹುಡುಗಿ ಏನೂ ವಾದಿಸಲಿಲ್ಲ. “ಸರ್, ಒಂದು ಭಾನುವಾರ ಇಳಿತದ ಹೊತ್ತಿಗೆ ನಮ್ಮ ಮನೆಗೆ ಬನ್ನಿ” ಎಂದಳು, ಅಷ್ಟೆ. ಹೋದೆ. ನೀರು ಇಳಿದು ಅಳಿವೆಯ ನಡುವೆ ಮರಳಿನ ದಿಬ್ಬಗಳು ಎದ್ದಿದ್ದವು. ಸೊಂಟದವರೆಗಿನ ನೀರಿನಲ್ಲಿ ನೂರಾರು ಜನ, ಹೆಂಗಸರೇ ಹೆಚ್ಚು, ಕಾಲಿನಿಂದ ತಡಕಿ ಕೈಯಿಂದ ಹೆಕ್ಕಿ ಬಳಚನ್ನು ಬುಟ್ಟಿಗೆ ತುಂಬುತ್ತಿದ್ದರು. ಬಳಚೆಂದರೆ ಎರಡು ಚಿಪ್ಪಿನ ನಡುವೆ ಬಾಳುವ ಜೀವಿ. ಕರಾವಳಿಯ ಬಡವರ ಊಟ, ಪೇಟೆಯವರ ರುಚಿ. ಹುಡುಗಿಯ ತಾಯಿ ಬುಟ್ಟಿಯನ್ನು ದಂಡೆಗಿಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು ಬಂದರು.

“ತಾಯೀ, ಹೊಳೆಯ ನೀರು ಬಾರದಿದ್ದರೂ ಕಡಲಿನ ನೀರು ಇದ್ದೇ ಇರುತ್ತದಲ್ಲ, ಬಳಚಿಗೆ ಅದು ಸಾಲದೆ?” ಎಂದು ಕೇಳಿದೆ.

“ಸಾಲೂದಿಲ್ಲ ಮಾಸ್ತರ್ರೆ. ಬರೀ ಉಪ್ಪಾದ್ರೂ ಇದು ಬಾಳೂದಿಲ್ಲ, ಬರೀ ಸಿಹಿಯಾದ್ರೂ ಬಾಳೂದಿಲ್ಲ. ಮಳೆ ಜೋರಾದ ವರ್ಷ ಸಿಹಿ ಹೆಚ್ಚಾಗಿ ಎಷ್ಟೋ ಸಾಯ್ತದೆ. ಆದ್ರೆ ಮಳೆ ಹೋದ ಮೇಲೆ ಉಪ್ಪು ಬರ್ತದೆ, ಬಳಚೂ ಬರ್ತದೆ. ಹೊಳೆ ಅದರಷ್ಟಕ್ಕೆ ಅದು ಹರಿದ್ರೆ ಸಾಕು” ಎಂದರು.

ಭೂಗೋಳದ ಪುಸ್ತಕ ಹತ್ತು ಪುಟಗಳಲ್ಲಿ ಹೇಳುವುದನ್ನು ಆ ತಾಯಿ ನಾಲ್ಕು ಮಾತಿನಲ್ಲಿ ಹೇಳಿದ್ದರು. ಅಳಿವೆಗೆ ಬೇಕಾದದ್ದು ನೀರು ಮಾತ್ರವಲ್ಲ. ಕಾಲಕಾಲಕ್ಕೆ ತಕ್ಕ ನೀರು. ಮರುದಿನ ತರಗತಿಯಲ್ಲಿ ಎಲ್ಲರೆದುರು ಆ ಹುಡುಗಿಯ ಪುಸ್ತಕವನ್ನು ತರಿಸಿ ಕೆಂಪು ಗೆರೆಯನ್ನು ಹೊಡೆದುಹಾಕಿ ಎರಡು ಅಂಕವನ್ನು ಹಿಂದಕ್ಕೆ ಕೊಟ್ಟೆ. ಕಪ್ಪುಹಲಗೆಯ ಮೇಲೆ ‘ವ್ಯರ್ಥವಾಗುವ ನೀರು’ ಎಂದು ಬರೆಸುವುದನ್ನು ಅಂದಿನಿಂದ ಬಿಟ್ಟೆ.

ಆ ತಾಯಿಯ ಮಾತಿಗೆ ಸಾಕ್ಷಿಯನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ತೆಂಕಣ ದಿಕ್ಕಿನ ನೆರೆಯ ಹೊಳೆ ಶರಾವತಿ. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿಯಿತು; ಬಹಳ ವರ್ಷಗಳ ಮೇಲೆ ಗೇರುಸೊಪ್ಪೆಯಲ್ಲಿಯೂ ಒಂದು ಅಣೆ ಎದ್ದಿತು. ವಿದ್ಯುತ್ತಿಗಾಗಿ ಯಂತ್ರಗಳ ಮೂಲಕ ಬಿಟ್ಟ ನೀರು ಈಗ ಬೇಸಗೆಯೆನ್ನದೆ ಮಳೆಗಾಲವೆನ್ನದೆ ಹೊನ್ನಾವರದ ಅಳಿವೆಗೆ ಬರುತ್ತದೆ. ನೀರು ಹೆಚ್ಚಾದರೆ ಒಳ್ಳೆಯದೇ ಅಲ್ಲವೆ ಎಂದು ಯಾರಿಗಾದರೂ ತೋರಬಹುದು. ಆದರೆ ವರ್ಷವಿಡೀ ಸಿಹಿನೀರು ತುಂಬಿದ್ದರಿಂದ ಆ ಅಳಿವೆಯ ಉಪ್ಪು ಕಡಮೆಯಾಯಿತು. ಉಪ್ಪಿನೊಡನೆ ಬಳಚು ಕಡಮೆಯಾಯಿತು, ಉಪ್ಪು ಬೇಡುವ ಕಾಂಡ್ಲಾ ಕಡಮೆಯಾಯಿತು, ಮೀನಿನ ಜಾತಿಗಳು ಕಡಮೆಯಾದವು. ಎರಡು ಅಳಿವೆಗಳನ್ನೂ ಹೋಲಿಸಿ ನೋಡಿದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಇದನ್ನೇ ಹೇಳಿದ್ದಾರೆ. ಒಂದೇ ಕರಾವಳಿ, ಒಂದೇ ಮಳೆ, ಒಂದೇ ಕಡಲು, ಭೇದ ಅಣೆಕಟ್ಟಿನದು.

ಹಾಗೆಂದು ಅಣೆಕಟ್ಟುಗಳನ್ನೆಲ್ಲ ನಾನು ಹಳಿಯುತ್ತಿದ್ದೇನೆಂದು ತಿಳಿಯಬಾರದು. ಶರಾವತಿಯ ದೊಡ್ಡ ವಿದ್ಯುದಾಗಾರದ ಶಕ್ತಿ ೧೦೩೫ ಮೆಗಾವಾಟ್. ಈ ನಾಡಿನ ಎಷ್ಟೋ ಮನೆಗಳ ದೀಪವನ್ನು ಹೊತ್ತಿಸಿದ್ದು ಆ ಹೊಳೆ. ನಿಮ್ಮ ಮನೆಯ ರೇಡಿಯೋ ಮಾತನಾಡುವುದರಲ್ಲಿಯೂ ಅದರ ಋಣವಿದ್ದೀತು. ನಾನು ರಾತ್ರಿ ಕುಳಿತು ಮಕ್ಕಳ ಉತ್ತರಪತ್ರಿಕೆ ತಿದ್ದುವುದು ಅದೇ ಬೆಳಕಿನಲ್ಲಿ. ಆ ಬೆಳಕಿಗಾಗಿ ಸಾವಿರಾರು ಕುಟುಂಬಗಳು ಮನೆಮಠಗಳನ್ನು ಮುಳುಗಲು ಬಿಟ್ಟು ಬಂದವೆಂಬುದನ್ನು ಮರೆಯುವುದೂ ಸಲ್ಲದು. ಕಾಳಿಯೂ ಸೂಪಾ, ಕೊಡಸಳ್ಳಿ, ಕದ್ರಾಗಳಲ್ಲಿ ತನ್ನ ಪಾಲನ್ನು ಕೊಟ್ಟಿದ್ದಾಳೆ. ಒಂದೇ ಜಿಲ್ಲೆಯ ಎರಡು ಹೊಳೆಗಳು ನಾಡಿಗಾಗಿ ಇಷ್ಟು ದುಡಿದ ಮೇಲೆ, ಮೂರನೆಯದನ್ನು ಅದರಷ್ಟಕ್ಕೆ ಹರಿಯಲು ಬಿಡಬಾರದೆ ಎಂಬುದಷ್ಟೆ ನನ್ನ ಪ್ರಶ್ನೆ.

ಈ ಹೊಳೆ ಇದುವರೆಗೆ ಉಳಿದದ್ದು ತಾನಾಗಿ ಅಲ್ಲ. ೧೯೮೦ರ ದಶಕದ ಆರಂಭದಲ್ಲಿ ನೆರೆಯ ಬೇಡ್ತಿಗೆ, ಎಂದರೆ ಗಂಗಾವಳಿಗೆ, ವಿದ್ಯುದ್ಯೋಜನೆ ಬಂದಾಗ ಘಟ್ಟದ ಮೇಲಿನ ರೈತರು ವಿಜ್ಞಾನಿಗಳನ್ನು ಕರೆಸಿ ಲಾಭನಷ್ಟದ ಲೆಕ್ಕ ಹಾಕಿಸಿ ಯೋಜನೆಯನ್ನು ಪ್ರಶ್ನಿಸಿದರು, ಅದು ನಿಂತಿತು. ಅಘನಾಶಿನಿಗೂ ಇಂಥ ಪ್ರಸ್ತಾಪ ಬಂದು ಹೋಯಿತು. ಈ ಶತಮಾನದ ಮೊದಲ ದಶಕದಲ್ಲಿ ತದಡಿಯಲ್ಲಿ ೪೦೦೦ ಮೆಗಾವಾಟಿನ ಕಲ್ಲಿದ್ದಲ ವಿದ್ಯುತ್ ಸ್ಥಾವರದ ಮಾತು ಎದ್ದಿತು. ಜನರ ವಿರೋಧದಿಂದ ಅದೂ ಕೈಬಿಟ್ಟುಹೋಯಿತು. ಅಘನಾಶಿನಿಯ ನೀರನ್ನು ಘಟ್ಟದಾಚೆಗೆ ತಿರುಗಿಸಿ ವೇದಾವತಿಗೆ ಕೂಡಿಸುವ ಆಲೋಚನೆಯೂ ಬಂದಿದೆ. ಬಯಲುಸೀಮೆಯ ಬಾಯಾರಿಕೆ ಸುಳ್ಳಲ್ಲ. ಅಲ್ಲಿಯ ರೈತನ ಕಷ್ಟವನ್ನು ಹಗುರವಾಗಿ ಕಾಣುವುದು ತಪ್ಪು. ಆದರೆ ‘ವ್ಯರ್ಥವಾಗುವ ನೀರು’ ಎಂಬ ಒಂದೇ ಮಾತಿನ ಮೇಲೆ ಲೆಕ್ಕ ಆರಂಭವಾದರೆ ಆ ಲೆಕ್ಕ ಮೊದಲ ಸಾಲಿನಲ್ಲೇ ತಪ್ಪುತ್ತದೆ. ಅಳಿವೆಯ ಅನ್ನ, ಮೀನು, ಉಪ್ಪು, ಬಳಚುಗಳನ್ನೂ ಆ ಲೆಕ್ಕದ ಪುಸ್ತಕದಲ್ಲಿ ಬರೆಯಬೇಕು.

೨೦೨೪ರಲ್ಲಿ ಒಂದು ಸಂತೋಷದ ವಾರ್ತೆ ಬಂದಿತು. ಅಘನಾಶಿನಿಯ ಅಳಿವೆಯ ೪೮೦೧ ಹೆಕ್ಟೇರ್ ಪ್ರದೇಶಕ್ಕೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂದು ರಾಮಸಾರ್ ಪಟ್ಟಿಯಲ್ಲಿ ಸ್ಥಾನ ದೊರೆಯಿತು. ಈ ಅಳಿವೆ ಆರರಿಂದ ಏಳೂವರೆ ಸಾವಿರ ಕುಟುಂಬಗಳ ಜೀವನಕ್ಕೆ ಆಧಾರವೆಂದು ಆಗ ಲೆಕ್ಕ ಹೇಳಿದರು. ಆ ಸಾವಿರಾರು ಮನೆಗಳಲ್ಲಿ ನನ್ನ ಶಿಷ್ಯೆಯ ಮನೆಯೂ ಒಂದು.

ಆದರೆ ಅಣೆಕಟ್ಟಿಲ್ಲವೆಂಬ ಮಾತ್ರಕ್ಕೆ ಹೊಳೆ ಕ್ಷೇಮವಾಗಿದೆಯೆಂದು ನಿಶ್ಚಿಂತರಾಗುವಂತಿಲ್ಲ. ಹೊಳೆ ಪೇಟೆಯಲ್ಲಿ ಹುಟ್ಟುವುದರಿಂದ ಪೇಟೆಯ ಕೊಳೆ ಅವಳ ತೊಟ್ಟಿಲಲ್ಲೇ ಸೇರುವ ಭಯವಿದೆ. ಪಾಪವನ್ನು ತೊಳೆಯುವವಳೆಂದು ಹೆಸರಿಟ್ಟ ನಾವು ಚರಂಡಿಯನ್ನೂ ತೊಳೆಯೆಂದು ಅವಳಿಗೆ ಒಪ್ಪಿಸಬಾರದು. ಘಟ್ಟದ ಮೇಲೆ ಅಡಿಕೆ ತೋಟಗಳು ಕಾಡಿನ ಅಂಚಿಗೆ ಏರುತ್ತಿವೆ; ಬೇಸಗೆಯಲ್ಲಿ ಪಂಪುಗಳು ಹಳ್ಳದ ಕೊನೆಯ ಗುಂಡಿಯನ್ನೂ ಎತ್ತುತ್ತವೆ. ಕೆಳಗೆ ಮರಳು ತೆಗೆಯುವವರ, ಸುಣ್ಣಕ್ಕಾಗಿ ಚಿಪ್ಪನ್ನು ಅಗೆಯುವವರ ಅವಸರ. ೧೯೯೦ರ ಸುಮಾರಿಗೆ ಸಿಗಡಿ ಸಾಕಣೆಯ ಆಸೆ ಬಂದು ಎಷ್ಟೋ ಗಜನಿಗಳಲ್ಲಿ ಕಗ್ಗ ನಿಂತುಹೋಯಿತು. ಸಿಗಡಿಗೆ ರೋಗ ಬಂದಾಗ ಎರಡೂ ಇಲ್ಲದಂತಾಯಿತು. ಕಟ್ಟೆ ಒಡೆದ ಗದ್ದೆಯಲ್ಲಿ ಕಗ್ಗವನ್ನು ಮತ್ತೆ ಬಿತ್ತುವುದು ಒಬ್ಬನಿಂದ ಆಗುವ ಕೆಲಸವಲ್ಲ. ಗಜನಿಯ ಕಟ್ಟೆ ಊರಿಗೆ ಊರೇ ಕೂಡಿ ಕಾಯಬೇಕಾದದ್ದು. ಮಾಣಿಕಟ್ಟೆಯಂಥ ಊರುಗಳಲ್ಲಿ ಕೆಲವು ರೈತರು ಕಗ್ಗದ ಬೀಜವನ್ನು ಇನ್ನೂ ಉಳಿಸಿಕೊಂಡಿದ್ದಾರೆಂಬುದು ಸಮಾಧಾನದ ಸಂಗತಿ.

ಹೊಳೆಯೆಂದ ಮೇಲೆ ನೆರೆಯೂ ಉಂಟು. ೨೦೧೯ರ ಮಳೆಗಾಲದಲ್ಲಿ ದಂಡೆಯ ಊರುಗಳ ಮನೆಯಂಗಳಕ್ಕೆ ನೀರು ಬಂದಿತ್ತು. ಆದರೆ ನೆರೆಯ ಪೆಟ್ಟನ್ನು ಹೆಚ್ಚಿಸುವುದು ಮೇಲೆ ಕಡಿದ ಕಾಡು, ಕೆಳಗೆ ತುಂಬಿದ ಗಜನಿ. ನೀರಿಗೆ ಹರಡಿಕೊಳ್ಳಲು ಇದ್ದ ಸ್ಥಳವನ್ನು ನಾವು ತೆಗೆದುಕೊಂಡರೆ ಅದು ನಮ್ಮ ಅಂಗಳವನ್ನು ತೆಗೆದುಕೊಳ್ಳುತ್ತದೆ.

ಹೀಗಿರುವಾಗ ಪೇಟೆಯಲ್ಲಿ ವಾಸಿಸುವ ನಾವು ಮಾಡಬೇಕಾದದ್ದೇನು? ದೊಡ್ಡ ಕಾರ್ಯಗಳ ಮಾತನ್ನು ತಿಳಿದವರು ಹೇಳಲಿ. ನಾನು ಭಾಷೆಯನ್ನು ಕಲಿಸುವವನು. ಭಾಷೆಯ ಒಂದು ಸಣ್ಣ ತಿದ್ದುಪಡಿಯನ್ನಷ್ಟೇ ಸೂಚಿಸುತ್ತೇನೆ. ಹೊಳೆ ಸಮುದ್ರವನ್ನು ಸೇರುವುದಕ್ಕೆ ‘ವ್ಯರ್ಥ’ ಎಂಬ ಶಬ್ದವನ್ನು ಬಳಸುವುದನ್ನು ಬಿಡೋಣ. ಮಕ್ಕಳ ಪ್ರಬಂಧದಲ್ಲಿ ಆ ಶಬ್ದ ಕಂಡರೆ, ಆ ನೀರಿನಿಂದ ಯಾರ ಮನೆಯ ಒಲೆ ಹೊತ್ತುತ್ತದೆಯೆಂದು ಅವರನ್ನು ಕೇಳೋಣ. ನಾನು ಇಪ್ಪತ್ತು ವರ್ಷ ಕೇಳದೆ ಇದ್ದ ಪ್ರಶ್ನೆ ಅದು. ಅದನ್ನು ನನಗೆ ಕಲಿಸಿದ ಹುಡುಗಿ ಈಗ ತಾನೇ ಒಂದು ಶಾಲೆಯಲ್ಲಿ ಮಾಸ್ತರಿಣಿ. ಅಳಿವೆಯ ದಂಡೆಯ ಮಕ್ಕಳಿಗೆ ಭೂಗೋಳ ಹೇಳುತ್ತಾಳೆಂದು ಕೇಳಿದ್ದೇನೆ. ಅವಳ ತಾಯಿ ಇಂದಿಗೂ ಇಳಿತದ ಹೊತ್ತಿಗೆ ಬುಟ್ಟಿ ಹಿಡಿದು ನೀರಿಗೆ ಇಳಿಯುತ್ತಾರೆ.